ಅಣುಚಿತ್ರದಲ್ಲಿ ಏನು ಕಾಣಬೇಕು, ಯಾವಾಗ ಕಾಣಬೇಕು

1960ರ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರೂ ಮತ್ತು ಸಂಗಡಿಗರು ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಮಾದರಿ ಕಟ್ಟಿದರು. ಸುಮಾರು ಆರಡಿ ಉದ್ದಗಲದ ಜಾಗದಲ್ಲಿ 2,500ರಷ್ಟು ಸರಳುಗಳನ್ನು ನೆಟ್ಟಗೆ ನಿಲ್ಲಿಸಿ, ಎಲೆಕ್ಟ್ರಾನುಗಳು ದಟ್ಟವಾಗಿರುವ ಕಡೆ ಬಣ್ಣದ ಕ್ಲಿಪ್ಪು ಸಿಕ್ಕಿಸಿ, ನಡುವೆ ಪರಮಾಣುಗಳ ಸರಪಳಿಯನ್ನು ಹಾಯಿಸಿದ್ದರು. ಅಣುವಿನ ರಚನೆ ಸಿಕ್ಕಿತು. ಆದರೆ ಅದನ್ನು ಹೊತ್ತು ನಿಂತ ಸರಳುಗಳ ಕಾಡಿನಲ್ಲಿ ಅಣುವನ್ನು ಸರಿಯಾಗಿ ನೋಡುವುದೇ ಕಷ್ಟವಾಯಿತು. ಇವತ್ತು ಪೈಮಾಲ್, ಜೆಮಾಲ್, ವಿಎಂಡಿಯಂಥ ತಂತ್ರಾಂಶಗಳಲ್ಲಿ ಅದೇ ಅಣುವನ್ನು ತೆರೆದವರು ಬೇಡವಾದುದನ್ನು ಒಂದು ಆದೇಶದಿಂದ ಮರೆಮಾಡಬಹುದು. ಯಾವುದು ಬೇಡ ಎಂದು ತೀರ್ಮಾನಿಸುವುದೇ ಈಗ ಉಳಿದಿರುವ ನಿಜವಾದ ಕೆಲಸ.

ಮಯೋಗ್ಲೋಬಿನ್ ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುತ್ತದೆ. 153 ಅಮೈನೋ ಆಮ್ಲಗಳ ಸರಪಳಿ ಎಂಟು ಸುರುಳಿಗಳಾಗಿ ಮಡಚಿಕೊಂಡಿದೆ. ಅವುಗಳ ಸಂದಿಯಲ್ಲಿ ಹೀಮ್ ಎಂಬ ಚಪ್ಪಟೆ ಗುಂಪು, ಅದರ ನಡುವೆ ಒಂದು ಕಬ್ಬಿಣದ ಪರಮಾಣು. ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಕಡತ ಇಳಿಸಿಕೊಂಡು ಎಲ್ಲ ಪರಮಾಣುಗಳನ್ನೂ ಒಟ್ಟಿಗೆ ತೋರಿಸಿದರೆ ಕಾಣುವುದು ಒಂದು ಗಂಟು ಮಾತ್ರ. ಆದ್ದರಿಂದ ಮೊದಲು ಎಲ್ಲವನ್ನೂ ಮರೆಮಾಡಿ, ಸರಪಳಿಯ ಬೆನ್ನೆಲುಬನ್ನು ಪಟ್ಟಿಯಂತೆ ತೋರಿಸಿ, ಹೀಮನ್ನು ಕಡ್ಡಿಗಳಾಗಿ ಬಿಡಿಸುವುದು ರೂಢಿ. ಈ ಪಟ್ಟಿಚಿತ್ರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜೇನ್ ರಿಚರ್ಡ್‌ಸನ್, 1981ರಲ್ಲಿ.

ಪೈಮಾಲ್‌ನಲ್ಲಿ ಮರೆಮಾಡುವ ಆದೇಶ ಬೇರೆ, ತೆಗೆದುಹಾಕುವ ಆದೇಶ ಬೇರೆ. ಮರೆಮಾಡಿದ ಪರಮಾಣು ಪರದೆಯಲ್ಲಿ ಕಾಣದಿದ್ದರೂ ತನ್ನ ಜಾಗದಲ್ಲೇ ಇರುತ್ತದೆ, ಅದರಿಂದ ದೂರ ಅಳೆಯಬಹುದು, ಬೇಕಾದಾಗ ಮರಳಿ ತರಬಹುದು. ತೆಗೆದುಹಾಕಿದ್ದು ಆ ಮಾದರಿಯಿಂದಲೇ ಹೋಯಿತು. ಇನ್ನೊಂದು ಬಗೆಯ ಇಲ್ಲದಿರುವಿಕೆಯೂ ಇದೆ. ಮಯೋಗ್ಲೋಬಿನ್ನಿನಂಥ ರಚನೆ ಸಿಗುವುದು ಎಕ್ಸ್-ರೇ ಚದುರುವ ಬಗೆಯಿಂದ. ಎಕ್ಸ್-ರೇಯನ್ನು ಚದುರಿಸುವುದು ಎಲೆಕ್ಟ್ರಾನುಗಳು, ಹೈಡ್ರೋಜನ್ನಿಗೆ ಇರುವುದು ಒಂದೇ ಎಲೆಕ್ಟ್ರಾನು. ಹಾಗಾಗಿ ಎಕ್ಸ್-ರೇ ಕಡತಗಳಲ್ಲಿ ಹೈಡ್ರೋಜನ್ ಸಾಮಾನ್ಯವಾಗಿ ಇರುವುದೇ ಇಲ್ಲ. ನಾವು ಮರೆಮಾಡಿದ್ದು ಯಾವುದು, ಪ್ರಯೋಗಕ್ಕೇ ಕಾಣದ್ದು ಯಾವುದು ಎಂದು ಚಿತ್ರದ ಕೆಳಗೆ ಒಂದು ಸಾಲು ಬರೆಯಲೇಬೇಕು ಎಂದು ನಾನು ಹೇಳುತ್ತೇನೆ. ನೋಡುವವರಿಗೆ ಎರಡೂ ಒಂದೇ ಥರದ ಖಾಲಿ ಜಾಗ.

ಅನಿಮೇಷನ್ನಿನಲ್ಲಿ ಕಾಲವೂ ಸೇರಿಕೊಳ್ಳುತ್ತದೆ. ಸುರುಳಿಯೊಂದು ಒಂದು ಫ್ರೇಮಿನಿಂದ ಮುಂದಿನದಕ್ಕೆ ಥಟ್ಟನೆ ಇಲ್ಲವಾದರೆ, ಅದು ಮುರಿದುಬಿತ್ತೆಂದೋ ಕರಗಿತೆಂದೋ ವಿದ್ಯಾರ್ಥಿ ತಿಳಿಯುತ್ತಾನೆ. ನಿಧಾನವಾಗಿ ಪಾರದರ್ಶಕಗೊಳಿಸಿದರೆ ಆ ಗೊಂದಲ ತಪ್ಪುತ್ತದೆ. ಪೈಮಾಲ್‌ನಲ್ಲಿ ಪಾರದರ್ಶಕತೆ 0 ಎಂದರೆ ಪೂರ್ತಿ ಕಾಣುವುದು, 1 ಎಂದರೆ ಪೂರ್ತಿ ಮಾಯ. ಸೆಕೆಂಡಿಗೆ 30 ಫ್ರೇಮಿನ ಚಿತ್ರದಲ್ಲಿ ಆ ಬದಲಾವಣೆಯನ್ನು 30 ಫ್ರೇಮುಗಳಿಗೆ ಹಂಚಿದರೆ ಕಣ್ಣು ಹಿಂಬಾಲಿಸಬಲ್ಲದು. ಪೂರ್ತಿ ಮಾಯ ಮಾಡದೆ 0.8ರಲ್ಲಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು, ಸುರುಳಿಯ ನೆರಳು ಉಳಿದು ಹೀಮ್ ಎಲ್ಲಿದೆಯೆಂಬ ಅಂದಾಜು ತಪ್ಪುವುದಿಲ್ಲ.

ಈಗ ಆಮ್ಲಜನಕ ಒಳಗೆ ಬರುವ ದೃಶ್ಯ. ಬರೀ ಪಟ್ಟಿಚಿತ್ರವಿದ್ದಾಗ ಸುರುಳಿಗಳ ನಡುವೆ ಎಷ್ಟೊಂದು ಜಾಗ! ಆಮ್ಲಜನಕ ಎಲ್ಲಿಂದ ಬೇಕಾದರೂ ನುಗ್ಗಬಹುದು ಅನ್ನಿಸುತ್ತದೆ. ಬೆನ್ನೆಲುಬಿನಿಂದ ಹೊರಚಾಚಿರುವ, ಮರೆಮಾಡಿದ್ದ ಪಾರ್ಶ್ವ ಸರಪಳಿಗಳನ್ನು ಮರಳಿ ತಂದು, ಪ್ರತಿ ಪರಮಾಣುವನ್ನೂ ಅದರ ನಿಜ ಗಾತ್ರದ ಗೋಲವಾಗಿ ತೋರಿಸಿ. ಆ ಜಾಗವೆಲ್ಲ ತುಂಬಿಹೋಗುತ್ತದೆ, ಹೀಮಿನವರೆಗೆ ಆಮ್ಲಜನಕ ಹಿಡಿಸುವಷ್ಟು ತೆರೆದ ದಾರಿಯೇ ಸಿಗುವುದಿಲ್ಲ. ಹಾಗಾದರೆ ಅದು ಒಳಗೆ ಹೋಗುವುದು ಹೇಗೆ? ಪ್ರೋಟೀನು ಅಲುಗಾಡಲೇಬೇಕು. ಸರಪಳಿಯ 64ನೆಯ ಸ್ಥಾನದಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೊರಕ್ಕೆ ವಾಲಿ ಬಾಗಿಲಿನಂತೆ ತೆರೆಯುತ್ತದೆ ಎಂಬ ವಿಚಾರ 1960ರ ದಶಕದಲ್ಲೇ ಬಂತು. ಆ ಹಿಸ್ಟಿಡಿನನ್ನು ಬದಲಿಸಿ ನೋಡಿದ ಮುಂದಿನ ಪ್ರಯೋಗಗಳು ಅದಕ್ಕೆ ಬಲ ಕೊಟ್ಟವು. ಪಾರ್ಶ್ವ ಸರಪಳಿಗಳನ್ನು ಕೊನೆಯವರೆಗೂ ಮರೆಯಲ್ಲೇ ಇಟ್ಟ ಅನಿಮೇಷನ್ ನೋಡಿದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅಷ್ಟು ದೊಡ್ಡ ನಷ್ಟ ಅದು.

ಮುಂಭಾಗವನ್ನು ಕತ್ತರಿಸಿ ಒಳಗನ್ನು ತೋರಿಸುವ ಸೌಲಭ್ಯವೂ ಉಂಟು. ಆಗ ಅಣುವನ್ನು ತುಸು ಅತ್ತಿತ್ತ ಓಲಾಡಿಸಿ. ಕತ್ತರಿಸಿದ ಬಾಯಿ ಅಣುವಿನದೇ ರಂಧ್ರವಲ್ಲ ಎಂದು ಗೊತ್ತಾಗುತ್ತದೆ.

ನೀರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕಂಪ್ಯೂಟರಿನಲ್ಲಿ ಲೆಕ್ಕಹಾಕಿದ ಚಲನೆಗಳಲ್ಲಿ ಪ್ರೋಟೀನಿನ ಸುತ್ತ ಸಾವಿರಾರು ನೀರಿನ ಅಣುಗಳಿರುತ್ತವೆ, ಅವನ್ನು ಮರೆಮಾಡದೆ ಏನೂ ಕಾಣದು. ಆದರೆ ಎಲ್ಲವನ್ನೂ ಒಂದೇ ಏಟಿಗೆ ಮರೆಮಾಡುವ ಬದಲು ಹೀಮಿನಿಂದ 5 ಆಂಗ್‌ಸ್ಟ್ರಾಮ್ ಒಳಗಿನವನ್ನು ಉಳಿಸಿಕೊಳ್ಳಿ. ಆ ಆಯ್ಕೆಯನ್ನು ಪ್ರತಿ ಫ್ರೇಮಿಗೂ ಹೊಸದಾಗಿ ಮಾಡುವಂತೆ ಹೇಳಬೇಕು, ವಿಎಂಡಿಯಲ್ಲಿ ಅದಕ್ಕೊಂದು ಗುಂಡಿಯೇ ಇದೆ. ಇಲ್ಲದಿದ್ದರೆ ಮೊದಲ ಫ್ರೇಮಿನಲ್ಲಿ ಹತ್ತಿರವಿದ್ದ ನೀರು ದೂರ ಅಲೆದುಹೋದರೂ ಕಾಣುತ್ತಲೇ ಇರುತ್ತದೆ, ಹೊಸದಾಗಿ ಒಳಬಂದದ್ದು ಕಾಣುವುದಿಲ್ಲ. ಆಮ್ಲಜನಕ ಹಿಡಿಯದ ಮಯೋಗ್ಲೋಬಿನ್ನಿನಲ್ಲಿ ಹೀಮಿನ ಬಳಿ, ಅದೇ 64ನೆಯ ಹಿಸ್ಟಿಡಿನನ್ನು ಹಿಡಿದುಕೊಂಡು ಒಂದು ನೀರಿನ ಅಣು ಕೂತಿರುತ್ತದೆ. ಅದು ಜಾಗ ಬಿಟ್ಟುಕೊಟ್ಟ ಮೇಲೆಯೇ ಆಮ್ಲಜನಕ ಕಬ್ಬಿಣವನ್ನು ಸೇರುವುದು.