ಕನ್ನಡದ ಭೂಗತ ಲೋಕದ ಚಲನಚಿತ್ರಗಳು

ಕನ್ನಡದ ಭೂಗತ ಲೋಕದ ಚಲನಚಿತ್ರಗಳು ಎಂದರೆ ಸಂಘಟಿತ ಅಪರಾಧ, ರೌಡಿ ಗುಂಪುಗಳ ಕಾದಾಟ, ಸುಪಾರಿ ಕೊಲೆ ಮತ್ತು ಮನೆತನಗಳ ನಡುವಿನ ಹಗೆತನವನ್ನು ಕಥಾವಸ್ತುವಾಗಿ ಹೊಂದಿರುವ ಕನ್ನಡ ಚಿತ್ರಗಳು. ಪ್ರೇಮ ಮತ್ತು ದ್ರೋಹ ಈ ಚಿತ್ರಗಳ ಎರಡು ಮುಖ್ಯ ಎಳೆಗಳು. ನಾಯಕನು ಅಪರಾಧದ ಲೋಕವನ್ನು ಪ್ರವೇಶಿಸಲು ಅಥವಾ ಅದರಿಂದ ಹೊರಬರಲು ಬಯಸಲು ಪ್ರೇಮವು ಕಾರಣವಾದರೆ, ಅವನ ಅಂತ್ಯಕ್ಕೆ ಹಲವು ವೇಳೆ ನಂಬಿದವರ ದ್ರೋಹವು ಕಾರಣವಾಗುತ್ತದೆ. ಈ ಚಿತ್ರಗಳ ಕಥೆಗಳು ಪ್ರಧಾನವಾಗಿ ಎರಡು ಪ್ರದೇಶಗಳಿಂದ ಬಂದಿವೆ. ಒಂದು ಬೆಂಗಳೂರು ನಗರ. ಇನ್ನೊಂದು ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ಹಾಗೂ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಭಾಗಗಳನ್ನು ಒಳಗೊಂಡ ಭೀಮಾ ನದಿಯ ತೀರ.

ಪದಬಳಕೆ

'ಭೂಗತ ಲೋಕ' ಎಂಬುದು ಇಂಗ್ಲಿಷಿನ ಅಂಡರ್‌ವರ್ಲ್ಡ್ ಎಂಬ ಪದಕ್ಕೆ ಕನ್ನಡ ಪತ್ರಿಕೆಗಳು ಬಳಸುವ ಸಮಾನಪದ. 'ಸುಪಾರಿ' ಎಂದರೆ ಮೂಲಾರ್ಥದಲ್ಲಿ ಅಡಿಕೆ. ಹಣ ಪಡೆದು ಕೊಲೆ ಮಾಡಲು ಒಪ್ಪಿಕೊಳ್ಳುವುದಕ್ಕೆ ಈ ಪದವು ಮುಂಬಯಿಯ ಮೂಲಕ ಕನ್ನಡದಲ್ಲಿಯೂ ರೂಢಿಗೆ ಬಂದಿದೆ. ಉದ್ದನೆಯ ಕತ್ತಿಯನ್ನು ರೌಡಿಗಳು 'ಲಾಂಗ್' ಎಂದು ಕರೆಯುವುದರಿಂದ ಈ ಬಗೆಯ ಚಿತ್ರಗಳಿಗೆ 'ಲಾಂಗು ಮಚ್ಚಿನ ಚಿತ್ರಗಳು' ಎಂಬ ಹೆಸರೂ ಇದೆ.

ಬೆಳವಣಿಗೆ

1995ರಲ್ಲಿ ಬಿಡುಗಡೆಯಾದ 'ಓಂ' ಈ ಪ್ರಕಾರಕ್ಕೆ ನಿರ್ದಿಷ್ಟ ರೂಪ ಕೊಟ್ಟ ಚಿತ್ರವೆಂದು ಪರಿಗಣಿತವಾಗಿದೆ. ಉಪೇಂದ್ರ ನಿರ್ದೇಶಿಸಿದ ಈ ಚಿತ್ರದಲ್ಲಿ ಶಿವರಾಜ್‌ಕುಮಾರ್ ಮತ್ತು ಪ್ರೇಮಾ ಪ್ರಧಾನ ಪಾತ್ರಗಳಲ್ಲಿದ್ದರು. ಹಂಸಲೇಖ ಸಂಗೀತ ನೀಡಿದ್ದರು. ಪುರೋಹಿತ ಮನೆತನದ ಯುವಕನೊಬ್ಬನು ಪ್ರೇಮದ ಕಾರಣದಿಂದ ರೌಡಿಯಾಗುವುದು ಚಿತ್ರದ ಕಥೆ. ನಿಜಜೀವನದ ಕೆಲವು ರೌಡಿಗಳು ಇದರಲ್ಲಿ ನಟಿಸಿದ್ದರು. ಚಿತ್ರಮಂದಿರಗಳಲ್ಲಿ ಮತ್ತೆ ಮತ್ತೆ ಮರುಬಿಡುಗಡೆಯಾದ ಕನ್ನಡ ಚಿತ್ರಗಳಲ್ಲಿ ಇದು ಪ್ರಮುಖವಾದುದು.

2005ರಲ್ಲಿ ಪ್ರೇಮ್ ನಿರ್ದೇಶನದ 'ಜೋಗಿ' ತೆರೆಕಂಡಿತು. ಹಳ್ಳಿಯಿಂದ ಬೆಂಗಳೂರಿಗೆ ಬಂದು ರೌಡಿಯಾಗುವ ಮಗ ಮತ್ತು ಅವನನ್ನು ಹುಡುಕಿಕೊಂಡು ಬರುವ ತಾಯಿ ಇದರ ಕೇಂದ್ರದಲ್ಲಿದ್ದಾರೆ. ತಾಯಿಯ ಪಾತ್ರವನ್ನು ಅರುಂಧತಿ ನಾಗ್ ನಿರ್ವಹಿಸಿದರು.

ಅಗ್ನಿ ಶ್ರೀಧರ್ ಅವರ ಆತ್ಮಕಥನ 'ದಾದಾಗಿರಿಯ ದಿನಗಳು' ಈ ಪ್ರಕಾರವನ್ನು ದಾಖಲೆಯ ಕಡೆಗೆ ತಿರುಗಿಸಿತು. ಅದನ್ನು ಆಧರಿಸಿ ಕೆ. ಎಂ. ಚೈತನ್ಯ ನಿರ್ದೇಶಿಸಿದ 'ಆ ದಿನಗಳು' 2007ರಲ್ಲಿ ಬಿಡುಗಡೆಯಾಯಿತು. 1980ರ ದಶಕದ ಬೆಂಗಳೂರಿನ ಕೊತ್ವಾಲ್ ರಾಮಚಂದ್ರ ಮತ್ತು ಎಂ. ಪಿ. ಜಯರಾಜ್ ಅವರ ಪೈಪೋಟಿ ಇದರ ಹಿನ್ನೆಲೆ. ಕೊತ್ವಾಲನ ಪಾತ್ರದಲ್ಲಿ ಶರತ್ ಲೋಹಿತಾಶ್ವ, ಜಯರಾಜ್ ಪಾತ್ರದಲ್ಲಿ ಆಶಿಶ್ ವಿದ್ಯಾರ್ಥಿ ಮತ್ತು ಶ್ರೀಧರ್ ಪಾತ್ರದಲ್ಲಿ ಅತುಲ್ ಕುಲಕರ್ಣಿ ನಟಿಸಿದರು. ಕೊತ್ವಾಲ್ ರಾಮಚಂದ್ರ 1986ರಲ್ಲಿ, ಜಯರಾಜ್ 1989ರಲ್ಲಿ ಕೊಲೆಯಾದರು.

ಪ್ರೇಮ ಮತ್ತು ದ್ರೋಹ

'ಆ ದಿನಗಳು' ಚಿತ್ರದ ಕಥೆ ಆರಂಭವಾಗುವುದು ಪ್ರೇಮ ಪ್ರಕರಣದಿಂದ. ಮಗನ ಪ್ರೇಮವನ್ನು ಒಪ್ಪದ ಶ್ರೀಮಂತ ತಂದೆಯು ಅದನ್ನು ಮುರಿಯಲು ಕೊತ್ವಾಲನ ನೆರವು ಕೋರುತ್ತಾನೆ. ಮಗನು ತನ್ನ ಪ್ರೇಮವನ್ನು ಉಳಿಸಿಕೊಳ್ಳಲು ಎದುರು ಗುಂಪನ್ನು ಸೇರುತ್ತಾನೆ. ಮನೆಯೊಳಗೆ ಮುಗಿಯಬಹುದಾಗಿದ್ದ ವಿವಾದವೊಂದು ಹೀಗೆ ಕೊಲೆಯ ಸಂಚಾಗಿ ಬೆಳೆಯುತ್ತದೆ. ತಂದೆಯ ಪಾತ್ರವನ್ನು ಗಿರೀಶ್ ಕಾರ್ನಾಡ್ ನಿರ್ವಹಿಸಿದ್ದರು.

ಅಗ್ನಿ ಶ್ರೀಧರ್ ಅವರ ಕಾದಂಬರಿಯನ್ನು ಆಧರಿಸಿ ಸುಮನಾ ಕಿತ್ತೂರು ನಿರ್ದೇಶಿಸಿದ 'ಎದೆಗಾರಿಕೆ' (2012) ಪ್ರೇಮ ಮತ್ತು ದ್ರೋಹವನ್ನು ಇನ್ನಷ್ಟು ಹತ್ತಿರ ತರುತ್ತದೆ. ಭೂಗತ ಲೋಕದ ಆದೇಶದಂತೆ ಕೊಲ್ಲಬೇಕಾದ ಯುವತಿಯ ಮೇಲೆಯೇ ಕೊಲೆಗಾರನಿಗೆ ಮನಸ್ಸಾಗುತ್ತದೆ. ಆಕೆಯನ್ನು ಉಳಿಸಿದರೆ ತನ್ನ ಗುಂಪಿಗೆ ದ್ರೋಹ, ಕೊಂದರೆ ತನಗೆ ತಾನೇ ದ್ರೋಹ ಎಂಬ ಇಕ್ಕಟ್ಟು ಚಿತ್ರದ ತಿರುಳು. ಆದಿತ್ಯ ಮತ್ತು ಆಕಾಂಕ್ಷಾ ಮಾನ್ಸುಖಾನಿ ಇದರ ಪ್ರಮುಖ ಕಲಾವಿದರು.

ಭೂಗತ ಲೋಕದಲ್ಲಿ ಲಿಖಿತ ಕರಾರುಗಳಿಲ್ಲ. ನ್ಯಾಯಾಲಯದ ಮೊರೆ ಹೋಗುವಂತಿಲ್ಲ. ಎಲ್ಲ ವ್ಯವಹಾರವೂ ನಂಬಿಕೆ ಮತ್ತು ಭಯದ ಮೇಲೆ ನಿಂತಿರುತ್ತದೆ. ಆದುದರಿಂದ ಅಲ್ಲಿ ದ್ರೋಹಕ್ಕೆ ಮರಣದಂಡನೆಯೇ ವಾಡಿಕೆ. ಗುಂಪಿನ ಹೊರಗಿನ ವ್ಯಕ್ತಿಯ ಮೇಲಿನ ಪ್ರೇಮವನ್ನು ಗುಂಪು ಅಪಾಯವೆಂದು ಕಾಣುವುದೂ ಇದೇ ಕಾರಣದಿಂದ. ಈ ತರ್ಕವೇ ಇಂತಹ ಚಿತ್ರಗಳಿಗೆ ನಾಟಕೀಯತೆಯನ್ನು ಒದಗಿಸುತ್ತದೆ.

ಮುಂದುವರಿದ ಭಾಗಗಳು

ಭೂಗತ ಲೋಕದ ಕಥೆಗಳು ಬಹುಮಟ್ಟಿಗೆ ನಾಯಕನ ಸಾವು ಅಥವಾ ಶರಣಾಗತಿಯಲ್ಲಿ ಮುಗಿಯುವುದರಿಂದ ಅವುಗಳಿಗೆ ಮುಂದುವರಿದ ಭಾಗ ರಚಿಸುವುದು ಕಠಿಣ. ಕನ್ನಡದಲ್ಲಿ ಇದಕ್ಕೆ ಮೂರು ಬಗೆಯ ಪ್ರಯತ್ನಗಳು ನಡೆದಿವೆ.

* 'ಜೋಗಯ್ಯ' (2011): 'ಜೋಗಿ'ಯ ಮುಂದಿನ ಭಾಗ ಮತ್ತು ಶಿವರಾಜ್‌ಕುಮಾರ್ ಅವರ ನೂರನೆಯ ಚಿತ್ರ. ನಾಯಕನನ್ನು ಬೆಂಗಳೂರಿನಿಂದ ಮುಂಬಯಿಗೆ ಕೊಂಡೊಯ್ದು ಕಥೆಯನ್ನು ಮುಂದುವರಿಸಲಾಗಿದೆ.
* 'ದಂಡುಪಾಳ್ಯ 2' (2017): ಶ್ರೀನಿವಾಸರಾಜು ನಿರ್ದೇಶನದ 'ದಂಡುಪಾಳ್ಯ' (2012) ಚಿತ್ರದ ಎರಡನೆಯ ಭಾಗ. ಮೊದಲ ಭಾಗವು ಗುಂಪಿನ ಕ್ರೌರ್ಯವನ್ನು ತೋರಿಸಿದರೆ, ಎರಡನೆಯದು ಆರೋಪಿಗಳ ಮೇಲೆ ನಡೆದ ಪೊಲೀಸ್ ಹಿಂಸೆಯ ಪ್ರಶ್ನೆಯನ್ನು ಎತ್ತಿ ಮೊದಲ ಭಾಗವನ್ನೇ ಸಂಶಯಿಸುತ್ತದೆ.
* 'ಕೆ.ಜಿ.ಎಫ್: ಚಾಪ್ಟರ್ 2' (2022): ಪ್ರಶಾಂತ್ ನೀಲ್ ನಿರ್ದೇಶನದ 2018ರ ಚಿತ್ರದ ಮುಂದಿನ ಭಾಗ. ಮೊದಲ ಭಾಗದಲ್ಲಿ ಕೊಲೆಗೆ ನಿಯೋಜಿತನಾದ ನಾಯಕನು ಎರಡನೆಯದರಲ್ಲಿ ಸಾಮ್ರಾಜ್ಯದ ಒಡೆಯನಾಗಿದ್ದಾನೆ. ಅವನ ಹಗೆತನಕ್ಕೆ ಪತ್ನಿ ಬಲಿಯಾಗುತ್ತಾಳೆ.

ಪ್ರಮಾಣೀಕರಣ

ಭಾರತದಲ್ಲಿ ಚಲನಚಿತ್ರಗಳು 1952ರ ಸಿನಿಮಾಟೋಗ್ರಾಫ್ ಕಾಯ್ದೆಯನ್ವಯ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯಿಂದ ಪ್ರಮಾಣಪತ್ರ ಪಡೆಯಬೇಕು. ತೀವ್ರ ಹಿಂಸೆ ಅಥವಾ ಕಾಮಪ್ರಚೋದಕ ದೃಶ್ಯಗಳುಳ್ಳ ಚಿತ್ರಗಳಿಗೆ 'ಎ' ಪ್ರಮಾಣಪತ್ರ ದೊರೆಯುತ್ತದೆ. 18 ವರ್ಷ ತುಂಬದವರು ಅವುಗಳನ್ನು ಚಿತ್ರಮಂದಿರದಲ್ಲಿ ನೋಡುವಂತಿಲ್ಲ. ಈ ಕಾರಣದಿಂದ ಕನ್ನಡದಲ್ಲಿ ಭೂಗತ ಲೋಕದ ಪ್ರೇಮಕಥೆಗಳು ಕಾಮಪ್ರಧಾನ ರೋಮಾಂಚಕ ಕಥೆಗಳಾಗಿ ಬೆಳೆದದ್ದು ವಿರಳ. 'ದಂಡುಪಾಳ್ಯ 2' ಚಿತ್ರದಿಂದ ಕತ್ತರಿಸಲಾಗಿದ್ದ ಪೊಲೀಸ್ ಠಾಣೆಯ ದೃಶ್ಯವೊಂದು ಅಂತರಜಾಲದಲ್ಲಿ ಸೋರಿಕೆಯಾದಾಗ ವಿವಾದ ಉಂಟಾಯಿತು. ಕಥೆಯ ಸಂದರ್ಭದಲ್ಲಿ ಪೊಲೀಸ್ ಹಿಂಸೆಯ ಚಿತ್ರಣವಾಗಿದ್ದ ದೃಶ್ಯವು ಬಿಡಿಯಾಗಿ ಹರಡಿದಾಗ ಕೇವಲ ನಗ್ನತೆಯ ಸುದ್ದಿಯಾಯಿತು.

ಭೀಮಾ ತೀರದ ಕಥೆಗಳು

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿಯು 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕರ್ನಾಟಕದಲ್ಲಿ ಅದು ಇಂಡಿ, ಸಿಂದಗಿ, ಅಫಜಲಪುರ ಮತ್ತು ಜೇವರ್ಗಿ ಭಾಗಗಳನ್ನು ಹಾದುಹೋಗುತ್ತದೆ. ಆಳಂದ ತಾಲ್ಲೂಕು ನದಿಯ ದಂಡೆಯಲ್ಲಿಲ್ಲವಾದರೂ ಅಲ್ಲಿ ಹುಟ್ಟುವ ಅಮರ್ಜಾ ನದಿಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಆಳಂದ, ಅಫಜಲಪುರ ಮತ್ತು ಜೇವರ್ಗಿ ಹೈದರಾಬಾದ್ ರಾಜ್ಯದಲ್ಲಿಯೂ, ಇಂಡಿ ಮತ್ತು ಸಿಂದಗಿ ಮುಂಬಯಿ ರಾಜ್ಯದಲ್ಲಿಯೂ ಇದ್ದವು. ಇಂದಿಗೂ ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಒಂದು ಆಡಳಿತದ ಸೀಮೆಯಲ್ಲಿ ಅಪರಾಧವೆಸಗಿ ಇನ್ನೊಂದಕ್ಕೆ ದಾಟುವುದು ಗಡಿ ಪ್ರದೇಶಗಳಲ್ಲಿ ಸುಲಭವಾಗಿರುತ್ತದೆ.

ಈ ಭಾಗದ ಅಪರಾಧವು ಬೆಂಗಳೂರಿನ ರೌಡಿಸಂಗಿಂತ ಭಿನ್ನವಾದುದು. ಅಲ್ಲಿ ಹಫ್ತಾ ಮತ್ತು ನಗರದ ಮೇಲಿನ ಹಿಡಿತ ಮುಖ್ಯವಾದರೆ, ಇಲ್ಲಿ ಜಮೀನು, ಮನೆತನದ ಮರ್ಯಾದೆ ಮತ್ತು ಹಿಂದಿನ ಕೊಲೆಯ ಸೇಡು ಮುಖ್ಯ. ನಾಡ ಪಿಸ್ತೂಲುಗಳ ಅಕ್ರಮ ಮಾರಾಟವು ಹಗೆತನವನ್ನು ಇನ್ನಷ್ಟು ಮಾರಕವಾಗಿಸಿತು. ಈ ಪ್ರದೇಶದ ಹಂತಕರಲ್ಲಿ ಹೆಚ್ಚು ಹೆಸರಾದವನು ಚಂದಪ್ಪ ಹರಿಜನ. ಅವನು ಪೊಲೀಸ್ ಕಾರ್ಯಾಚರಣೆಯಲ್ಲಿ ಹತನಾದನು. 'ಹಾಯ್ ಬೆಂಗಳೂರ್!' ವಾರಪತ್ರಿಕೆಯ ಸಂಪಾದಕ ರವಿ ಬೆಳಗೆರೆ (1958–2020) ಬರೆದ 'ಭೀಮಾ ತೀರದ ಹಂತಕರು' ಎಂಬ ಪುಸ್ತಕದಿಂದ ಈ ಕಥೆಗಳು ನಾಡಿನಾದ್ಯಂತ ಪರಿಚಿತವಾದವು.

2012ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 'ಭೀಮಾ ತೀರದಲ್ಲಿ' ಚಿತ್ರವನ್ನು ಓಂ ಪ್ರಕಾಶ್ ರಾವ್ ನಿರ್ದೇಶಿಸಿದರು. ಅಣಜಿ ನಾಗರಾಜ್ ನಿರ್ಮಿಸಿದರು. ದುನಿಯಾ ವಿಜಯ್ ಮತ್ತು ಪ್ರಣೀತಾ ಮುಖ್ಯ ಪಾತ್ರಗಳಲ್ಲಿದ್ದರು. ಅಭಿಮನ್ ರಾಯ್ ಸಂಗೀತ ನೀಡಿದರು. ಚಂದಪ್ಪನ ಬದುಕಿನಿಂದ ಪ್ರೇರಿತವಾದ ಈ ಚಿತ್ರದ ಕಥೆಯ ಮೂಲವನ್ನು ಕುರಿತು ಬೆಳಗೆರೆ ಮತ್ತು ಚಿತ್ರತಂಡದ ನಡುವೆ ಬಹಿರಂಗ ವಿವಾದ ನಡೆಯಿತು. ಸತ್ತ ವ್ಯಕ್ತಿಯ ಬದುಕಿನ ಕಥೆಯ ಮೇಲೆ ಹಕ್ಕು ಯಾರದು ಎಂಬ ಪ್ರಶ್ನೆ ಈ ವಿವಾದದ ಹಿಂದಿತ್ತು. ಸಾಮಾನ್ಯವಾಗಿ ಕೃತಿಸ್ವಾಮ್ಯ ಕಾಯ್ದೆಯು ಬರವಣಿಗೆಯ ಅಭಿವ್ಯಕ್ತಿಯನ್ನು ರಕ್ಷಿಸುತ್ತದೆಯೇ ಹೊರತು ನಡೆದ ಘಟನೆಗಳನ್ನಲ್ಲ.

ಹೆಸರಿನ ಪರಿಣಾಮ

ಪುಸ್ತಕ ಮತ್ತು ಚಿತ್ರದ ನಂತರ 'ಭೀಮಾ ತೀರ' ಎಂಬುದು ಸುದ್ದಿ ಮಾಧ್ಯಮಗಳಲ್ಲಿ ಕೊಲೆ ಸುದ್ದಿಗಳ ತಲೆಬರಹವಾಗಿ ನೆಲೆಗೊಂಡಿತು. ಕೆಲವು ಗುಂಪುಗಳ ಹಗೆತನವನ್ನು ಸೂಚಿಸುವ ಪದವು ಹಲವು ತಾಲ್ಲೂಕುಗಳ ಜನರಿಗೆ ಅನ್ವಯವಾಗತೊಡಗಿತು. ಆದರೆ ಇದೇ ತೀರದಲ್ಲಿ ದತ್ತಾತ್ರೇಯ ಕ್ಷೇತ್ರವಾದ ಗಾಣಗಾಪುರ, ಭಾಗ್ಯವಂತಿ ದೇವಿಯ ಘತ್ತರಗಿ ಮತ್ತು ಅಶೋಕನ ಶಾಸನ ದೊರೆತ ಸನ್ನತಿ ಇವೆ. ಅಖಂಡೇಶ್ವರ ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿ ಜೇವರ್ಗಿಯವರು. ಆಳಂದದ ಲಾಡ್ಲೆ ಮಶಾಕ್ ದರ್ಗಾ ಪ್ರಸಿದ್ಧ ಸೂಫಿ ಕೇಂದ್ರ. ಇಲ್ಲಿನ ಬಹುಪಾಲು ಜನರ ಜೀವನಾಧಾರ ತೊಗರಿ, ಜೋಳ, ಹತ್ತಿ ಮತ್ತು ಕಬ್ಬಿನ ಬೇಸಾಯ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ಚಿತ್ರದಲ್ಲಿ ನಾಯಕನ ಸಾವಿನೊಂದಿಗೆ ಕಥೆ ಮುಗಿಯುತ್ತದೆ. ಹಗೆತನವಿರುವ ಊರುಗಳಲ್ಲಿ ಅದು ಹಾಗೆ ಮುಗಿಯುವುದಿಲ್ಲ. ತಂದೆಯ ಕೊಲೆಗೆ ಮಗನು ಸೇಡು ತೀರಿಸುತ್ತಾನೆ. ಒಂದು ಮನೆಯಲ್ಲಿ ವಿಧವೆಯಾದವಳ ನಂತರ ಎದುರು ಮನೆಯಲ್ಲಿ ಇನ್ನೊಬ್ಬಳು ವಿಧವೆಯಾಗುತ್ತಾಳೆ. ತೆರೆಯ ಮೇಲಿನ ಮುಂದುವರಿದ ಭಾಗವು ನಿರ್ಮಾಪಕರ ಆಯ್ಕೆಯಾದರೆ, ಹಗೆತನದ ಮುಂದಿನ ಭಾಗವು ಆ ಮನೆಯ ಮಕ್ಕಳ ಪಾಲಿಗೆ ಬಾಧ್ಯತೆಯಾಗಿ ಬರುತ್ತದೆ.