ಚರ್ಮದ ಕೆಲಸ: ಸಾಮಗ್ರಿ ಮೊದಲು, ಉಪಕರಣ ಆಮೇಲೆ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1113ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವರ್ತಕನೂ ಆತನ ಪತ್ನಿ ಸಹಜಾದೇವಿಯೂ ಕಟ್ಟಿಸಿದ ಗುಡಿ ಅದು. ಹೊಯ್ಸಳರ ಶಿಲ್ಪಿಗಳು ಕೆತ್ತನೆಗೆ ಆರಿಸಿಕೊಂಡದ್ದು ಬಳಪದ ಕಲ್ಲನ್ನು. ಅದು ಮೃದು, ಸಣ್ಣ ಉಳಿಗೂ ಬಗ್ಗುತ್ತದೆ. ಗಡಸು ಬೆಣಚುಕಲ್ಲನ್ನು ಆರಿಸಿದ್ದರೆ ಅವರ ಉಳಿಯೂ ಬೇರೆ, ಕೆತ್ತನೆಯೂ ಬೇರೆಯಾಗುತ್ತಿತ್ತು. ಯಾವ ಕೈಕೆಲಸಕ್ಕಾದರೂ ಸಲ್ಲುವ ಪಾಠ ಇದು: ಸಾಮಗ್ರಿಯ ಗುಣ ತಿಳಿದ ಮೇಲೆ ಉಪಕರಣ.

ಚರ್ಮದ ಪರ್ಸು, ಬೆಲ್ಟು, ಚೀಲ ತಯಾರಿಸಿ ನಾಲ್ಕು ಕಾಸು ಸಂಪಾದಿಸಬೇಕು ಎಂದು ಯೋಚಿಸುವ ವಿದ್ಯಾರ್ಥಿಗಳು ಇಂದು ಹಲವರು. ಆದರೆ ಅವರು ಮೊದಲು ಕೊಳ್ಳುವುದು ಮೂವತ್ತು ನಲವತ್ತು ಉಪಕರಣಗಳಿರುವ ಪೆಟ್ಟಿಗೆಯನ್ನು. ಚರ್ಮದ ವಿಚಾರ ಬರುವಷ್ಟರಲ್ಲಿ ಕೈಯಲ್ಲಿ ಹಣ ಉಳಿದಿರುವುದಿಲ್ಲ. ಕಿರುತೆರೆಯಲ್ಲಿ ನಾವು ಕೈಯ ಚಲನೆಯನ್ನು ತೋರಿಸಬಲ್ಲೆವು. ಲೆಕ್ಕ ಹಾಕಿ ಆರಿಸುವ ವಿಷಯವನ್ನು ಕೈಯಲ್ಲಿ ಹಿಡಿದು ಓದುವುದೇ ಲೇಸು. ಆದ್ದರಿಂದ ಈ ಲೇಖನ.

ಚರ್ಮ ಎಂದರೇನು?

ಹಸಿ ಚರ್ಮದಲ್ಲಿ ಸುಮಾರು ಮೂರನೇ ಎರಡು ಪಾಲಿನಷ್ಟು ನೀರಿರುತ್ತದೆ. ಉಳಿದುದರಲ್ಲಿ ಬಹುಪಾಲು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು. ಹಾಗೆಯೇ ಬಿಟ್ಟರೆ ಅದು ಕೊಳೆಯುತ್ತದೆ, ಒಣಗಿಸಿದರೆ ಸೆಟೆಯುತ್ತದೆ. ಈ ಎಳೆಗಳನ್ನು ಒಂದಕ್ಕೊಂದು ಬೆಸೆದು ಕೊಳೆಯದಂತೆ ಮಾಡುವ ಕ್ರಿಯೆಯೇ ಹದ ಮಾಡುವುದು. ಹದದಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಸಸ್ಯ ಹದ. ತಂಗಡಿ ಗಿಡದ ತೊಗಟೆ, ಕರಿಜಾಲಿಯ ತೊಗಟೆ, ಅಳಲೆಕಾಯಿ ಇವುಗಳಲ್ಲಿ ಟ್ಯಾನಿನ್ ಹೇರಳವಾಗಿದೆ. ಬಯಲುಸೀಮೆಯ ಬೀಳು ನೆಲದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಆವರಿಕೆಯೇ ಈ ತಂಗಡಿ. ಈ ಹದಕ್ಕೆ ವಾರಗಟ್ಟಲೆ ಕಾಲ ಬೇಕು. ಚರ್ಮ ಬಿಗಿಯಾಗಿ, ಕಂದು ಬಣ್ಣದ್ದಾಗಿ ಬರುತ್ತದೆ. ಎರಡನೆಯದು ಕ್ರೋಮ್ ಹದ. ಕ್ರೋಮಿಯಂ ಲವಣದಿಂದ ಒಂದೆರಡು ದಿನದಲ್ಲೇ ಹದವಾಗುವ ಈ ಚರ್ಮ ಮೆತ್ತಗಿರುತ್ತದೆ, ನೀರನ್ನೂ ಬಿಸಿಯನ್ನೂ ಹೆಚ್ಚು ತಡೆಯುತ್ತದೆ. ಪ್ರಪಂಚದ ಬಹುಪಾಲು ಚರ್ಮ ಇಂದು ಹದವಾಗುವುದು ಹೀಗೆಯೇ.

ಅಂಗಡಿಯವರು ಹೇಳಿದ್ದನ್ನೇ ನಂಬಬೇಕಾಗಿಲ್ಲ. ಕತ್ತರಿಸಿದ ಅಂಚನ್ನು ನೋಡಿ. ಒಳಗೆಲ್ಲ ಕಂದಾಗಿದ್ದರೆ ಸಸ್ಯ ಹದ ಇರಬಹುದು. ನಡುವೆ ನೀಲಿ ಬೂದು ಬಣ್ಣದ ಗೆರೆ ಕಂಡರೆ ಕ್ರೋಮ್. ಸಂಶಯವಿದ್ದರೆ ಒಂದು ಚೂರನ್ನು ಕುದಿಯುವ ನೀರಿಗೆ ಹಾಕಿ. ಸಸ್ಯ ಹದದ ಚೂರು ಸುಮಾರು 75ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸುರುಟಿ ಗಟ್ಟಿಯಾಗುತ್ತದೆ. ಚೆನ್ನಾಗಿ ಹದವಾದ ಕ್ರೋಮ್ ಚರ್ಮಕ್ಕೆ ಅಷ್ಟೇನೂ ಆಗುವುದಿಲ್ಲ. ಸುಟ್ಟು ಪರೀಕ್ಷಿಸಲು ಮಾತ್ರ ಹೋಗಬೇಡಿ. ಕ್ರೋಮ್ ಚರ್ಮ ಸುಟ್ಟರೆ ಹಾನಿಕರವಾದ ಕ್ರೋಮಿಯಂ ಸಂಯುಕ್ತಗಳು ಹುಟ್ಟಬಹುದು.

ಬೆಲ್ಟು, ಚಪ್ಪಲಿ, ಅಚ್ಚೊತ್ತುವ ಕೆಲಸಗಳಿಗೆ ಸಸ್ಯ ಹದ ಲೇಸು. ಅದರ ಅಂಚನ್ನು ಒದ್ದೆ ಮಾಡಿ ನುಣುಪಾದ ಮರದಿಂದ ಉಜ್ಜಿದರೆ ಹೊಳಪು ಬರುತ್ತದೆ. ಮೆತ್ತನೆಯ ಚೀಲಕ್ಕೆ ಕ್ರೋಮ್ ಸಾಕು, ಆದರೆ ಅದರ ಅಂಚನ್ನು ಮಡಿಸಿ ಹೊಲಿಯಬೇಕು ಇಲ್ಲವೇ ಬಣ್ಣ ಬಳಿಯಬೇಕು.

ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳಿ. ಪರ್ಸಿಗೆ 1ರಿಂದ 1.2, ಚೀಲಕ್ಕೆ ಸುಮಾರು 2, ಬೆಲ್ಟಿಗೆ 3ರಿಂದ 4 ಮಿ.ಮೀ. ಇರಲಿ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ. ಆದ್ದರಿಂದ ಬೆಲ್ಟನ್ನು ಬೆನ್ನುಮೂಳೆಯ ನೇರಕ್ಕೆ ಕತ್ತರಿಸಬೇಕು. ಚರ್ಮವನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಅದರ ಆಕಾರ ಚೌಕವಲ್ಲವಲ್ಲ, ಆದ್ದರಿಂದ ಕಾಲು ಭಾಗ ವ್ಯರ್ಥವಾಗುತ್ತದೆಂದು ಮೊದಲೇ ಎಣಿಸಿಕೊಳ್ಳಿ.

ಕಬ್ಬಿಣವೋ ಹಿತ್ತಾಳೆಯೋ?

ಒಂದು ಲೋಟ ಹಾಲಿಲ್ಲದ ಚಹಾ ಡಿಕಾಕ್ಷನ್ನಿನಲ್ಲಿ ಕಬ್ಬಿಣದ ಮೊಳೆಯನ್ನು ರಾತ್ರಿಯಿಡೀ ಬಿಡಿ. ಬೆಳಗ್ಗೆ ನೋಡಿದರೆ ಅದು ಕಪ್ಪಾಗಿರುತ್ತದೆ. ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಬಣ್ಣ ಅದು. ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ. ಈಗ ಯೋಚಿಸಿ, ಸಸ್ಯ ಹದದ ಬೆಲ್ಟಿಗೆ ಅಗ್ಗದ ಕಬ್ಬಿಣದ ಬಕಲ್ ಹಾಕಿದರೆ ಏನಾದೀತು? ಲೇಪ ಸವೆದು ಬೆವರು ತಾಗಿದಲ್ಲೆಲ್ಲ ಕಪ್ಪು ಕಲೆ. ಬಕಲ್, ರಿವೆಟ್, ಉಂಗುರಗಳು ಹಿತ್ತಾಳೆಯವೇ ಆಗಿರಲಿ. ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತವಿರಲಿ. ಅದಕ್ಕೆ ಅಂಟಿದರೆ ಒಳಗೆ ಕಬ್ಬಿಣ. ಅಂಟದಿದ್ದರೂ ಸತುವಿನ ಮಿಶ್ರಲೋಹ ಇರಬಹುದು. ಹಿಂಬದಿಯಲ್ಲಿ ಸ್ವಲ್ಪ ಗೀರಿ ನೋಡಿದರೆ ಹಳದಿಯೋ ಬೂದಿಯೋ ತಿಳಿಯುತ್ತದೆ.

ರಿವೆಟ್ಟಿನ ಕಾಲು ಚರ್ಮದ ಒಟ್ಟು ದಪ್ಪಕ್ಕಿಂತ ಸುಮಾರು 3 ಮಿ.ಮೀ. ಉದ್ದವಿರಬೇಕು. 2 ಮಿ.ಮೀ.ನ ಎರಡು ಪದರಕ್ಕೆ 7 ಮಿ.ಮೀ. ಸರಿ. ಚಿಕ್ಕದಾದರೆ ಹಿಡಿಯದು, ಉದ್ದವಾದರೆ ಓರೆಯಾಗಿ ಬಗ್ಗುತ್ತದೆ.

ದಾರ, ಸೂಜಿ, ರಂಪಿಗೆ

ಹೊಲಿಗೆ ಯಂತ್ರದಲ್ಲಿ ಎರಡು ದಾರಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಒಂದು ಕಡಿದರೆ ಸಾಲೇ ಬಿಚ್ಚಿಕೊಳ್ಳುವ ಭಯ. ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಎರಡೂ ಪ್ರತಿಯೊಂದು ತೂತಿನಲ್ಲಿ ಎದುರು ಬದುರಾಗಿ ಹಾಯುತ್ತವೆ. ಒಂದು ಹೊಲಿಗೆ ಹರಿದರೂ ಉಳಿದವು ನಿಲ್ಲುತ್ತವೆ. ಹೊಲಿಯುವ ಉದ್ದದ ನಾಲ್ಕು ಪಟ್ಟು ದಾರ ಬೇಕು. ದಪ್ಪ ಚರ್ಮಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಹತ್ತಿಯ ದಾರ ತೇವದಲ್ಲಿ ಕೊಳೆಯುತ್ತದೆ, ಮೇಣ ಸವರಿದ ಪಾಲಿಯೆಸ್ಟರ್ ದಾರ ಬಾಳುತ್ತದೆ. ತೂತನ್ನು ಉಳಿ ಮಾಡುವುದರಿಂದ ಸೂಜಿಯ ಮೊನೆ ಮೊಂಡಾಗಿರುವುದೇ ಒಳ್ಳೆಯದು. ಅದು ದಾರವನ್ನು ಸೀಳುವುದಿಲ್ಲ.

ಉಪಕರಣಗಳ ಪಟ್ಟಿ ಚಿಕ್ಕದು. ಹರಿತವಾದ ರಂಪಿಗೆ ಅಥವಾ ಚಾಕು, ಸಾಣೆಕಲ್ಲು, ಉಕ್ಕಿನ ಅಳತೆಪಟ್ಟಿ, ಗೆರೆ ಎಳೆಯಲು ಕೈವಾರ, ಒಂದು ಉಳಿ, ಒಂದು ತೂತುಕೊರೆ, ಮರದ ಕೊಡತಿ, ಎರಡು ಸೂಜಿ. ಪಟ್ಟಿಯಲ್ಲಿ ಸಾಣೆಕಲ್ಲು ಏಕೆ? ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕು. ಬಲ ಹಾಕಿದಾಗಲೇ ಅದು ಜಾರಿ ಬೆರಳು ಕುಯ್ಯುವುದು.

ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಬೇಗ ಒಣಗುವ ಅಂಟುಗಳಲ್ಲಿ ಆವಿಯಾಗುವ ದ್ರಾವಕಗಳಿವೆ. 1960ರ ದಶಕದಲ್ಲಿ ಜಪಾನಿನ ಚಪ್ಪಲಿ ತಯಾರಕರಲ್ಲಿ ಕೈಕಾಲುಗಳ ನರಗಳು ಕುಂದಿದ್ದಕ್ಕೆ ಅಂಟಿನಲ್ಲಿದ್ದ ಹೆಕ್ಸೇನ್ ಕಾರಣವೆಂದು ತಿಳಿದುಬಂತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಂಟು ಬಳಿಯಬೇಡಿ. ನೀರಿನಲ್ಲಿ ಕರಗುವ ಅಂಟು ಸಿಕ್ಕರೆ ಅದನ್ನೇ ಆರಿಸಿ.

ಹಾಸನದ ಪಶ್ಚಿಮಕ್ಕೆ, ಸಕಲೇಶಪುರದ ಕಡೆ ಇರುವವರಿಗೆ ಮತ್ತೊಂದು ಮಾತು. ಮಳೆಗಾಲದ ತೇವದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ, ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವಲ್ಲಿ ಇಡಿ.

ಈ ವಿದ್ಯೆ ಯಾರದು?

ಅಥಣಿ, ನಿಪ್ಪಾಣಿಯ ಕಡೆ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ ಸಸ್ಯ ಹದದ ಚರ್ಮವೇ ಅಟ್ಟೆ, ಚರ್ಮದ ಎಳೆಯೇ ದಾರ. ಸಾಂಪ್ರದಾಯಿಕ ಜೋಡಿಯಲ್ಲಿ ಮೊಳೆ ಇರುವುದಿಲ್ಲ. ಕಬ್ಬಿಣವೇ ಇಲ್ಲದ ಮೇಲೆ ಕಲೆಯ ಪ್ರಶ್ನೆಯೆಲ್ಲಿ! 2019ರಲ್ಲಿ ಪ್ರಕಟವಾದ ಇದರ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದನ್ನೇ ಹೋಲುವ ಪಾದರಕ್ಷೆಯನ್ನು ಮಿಲಾನ್ ನಗರದಲ್ಲಿ ಪ್ರದರ್ಶಿಸಿದಾಗ, ಮೂಲ ಕುಶಲಕರ್ಮಿಗಳ ಹೆಸರೆಲ್ಲಿ ಎಂಬ ಪ್ರಶ್ನೆ ದೇಶದಾದ್ಯಂತ ಎದ್ದಿತು.

ಆ ಪ್ರಶ್ನೆ ಪ್ರಾಡಾಕ್ಕೆ ಮಾತ್ರ ಸೇರಿದ್ದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹರಳಯ್ಯ, ಮಾದಾರ ಧೂಳಯ್ಯ ಚರ್ಮದ ಕಾಯಕದವರು. ಟ್ಯಾನಿನ್ ಎಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದರ ಗುಣವನ್ನು ಕೈಯಿಂದ ಅರಿತಿದ್ದವರನ್ನು ನಮ್ಮ ಸಮಾಜ ಶತಮಾನಗಳ ಕಾಲ ಊರ ಹೊರಗೆ ಇಟ್ಟಿತು. ನೀವು ಇಂದು ಹವ್ಯಾಸವಾಗಿಯೋ ಉದ್ಯೋಗವಾಗಿಯೋ ಇದನ್ನು ಹಿಡಿಯುವಾಗ ಆ ಋಣ ನೆನಪಿರಲಿ. 1976ರಲ್ಲಿ ಸ್ಥಾಪನೆಯಾದ ಲಿಡ್ಕರ್ ನಿಗಮದಲ್ಲಿ ತರಬೇತಿಯ ಬಗ್ಗೆ ವಿಚಾರಿಸಿ. ಅದಕ್ಕೂ ಮೊದಲು ನಿಮ್ಮೂರಿನ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರ ಪಕ್ಕ ಒಂದು ಗಂಟೆ ಕುಳಿತು, ಅವರು ಉಳಿ ಹಿಡಿಯುವ ಕೋನವನ್ನು ನೋಡಿ. ಅವರ ಸಮಯಕ್ಕೆ ತಕ್ಕ ಹಣ ಕೊಡಿ. ಆಮೇಲೆ ಒಂದು ಅಡಿ ಚರ್ಮ ಕೊಂಡು, ಮೊದಲು ಒಂದು ಕೀಲಿಪಟ್ಟಿ, ಬಳಿಕ ಒಂದು ಪರ್ಸು ಹೊಲಿದು ನೋಡಿ. ಪೆಟ್ಟಿಗೆ ತುಂಬ ಉಪಕರಣ ಬೇಕೇ ಬೇಡವೇ ಎಂಬುದನ್ನು ಆಗ ನೀವೇ ತೀರ್ಮಾನಿಸಬಲ್ಲಿರಿ.