ಕ್ರೂಸ್ ಆನ್ ಇದ್ದಾಗ ಕಾಲಿನ ಕೆಲಸ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 100 ಕಿ.ಮೀ. ಅಡಾಪ್ಟಿವ್ ಕ್ರೂಸ್ ಕಂಟ್ರೋಲ್‌ಗೆ ಅಷ್ಟೇ ವೇಗ ಹೊಂದಿಸಿ ಕಾಲು ತೆಗೆದರೆ, ಮುಂದಿನ ವಾಹನ ನಿಧಾನಿಸಿದಾಗ ನಮ್ಮ ಕಾರೂ ನಿಧಾನಿಸುತ್ತದೆ. ಆ ವಾಹನ ಪಕ್ಕಕ್ಕೆ ಸರಿದರೆ ನಮ್ಮದು ಮತ್ತೆ 100ಕ್ಕೆ ಏರುತ್ತದೆ. ಈಚಿನ ವರ್ಷಗಳಲ್ಲಿ ಮಧ್ಯಮ ಬೆಲೆಯ ಕಾರುಗಳಲ್ಲೂ ಈ ಸೌಲಭ್ಯ ಬಂದಿದೆ. ಅದನ್ನು ಬಳಸುವವರು ಅದು ಯಾವಾಗ ಸುಮ್ಮನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಕಾರಿನ ಮುಂಭಾಗದಲ್ಲಿರುವ ರೇಡಾರ್ ಎದುರಿನ ವಾಹನದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ನಾವು ಆರಿಸುವ ಅಂತರವನ್ನು ಅದು ಸಮಯದ ಲೆಕ್ಕದಲ್ಲಿ ಕಾಯುತ್ತದೆ: 100ರ ವೇಗದಲ್ಲಿ ಎರಡು ಸೆಕೆಂಡ್ ಎಂದರೆ ಸುಮಾರು 55 ಮೀಟರ್. ಅಷ್ಟು ಜಾಗ ಬಿಟ್ಟರೆ ಬೇರೆಯವರು ನುಗ್ಗುತ್ತಾರೆಂದು ಹಲವರು ಅತಿ ಕಡಿಮೆ ಅಂತರ ಇಟ್ಟುಕೊಳ್ಳುತ್ತಾರೆ. ನನಗೆ ಇದು ಸರಿಯೆನಿಸುವುದಿಲ್ಲ. ಕ್ರೂಸ್ ಹಾಕುವ ಬ್ರೇಕ್ ಮೃದುವಾದದ್ದು. ಹೆದ್ದಾರಿ ವೇಗದಲ್ಲಿ ಅದರ ಅಂತರರಾಷ್ಟ್ರೀಯ ಮಿತಿ ಪ್ರತಿ ಸೆಕೆಂಡಿಗೆ 3.5 ಮೀಟರ್/ಸೆಕೆಂಡಿನಷ್ಟು ವೇಗ ಇಳಿಸುವುದು. ಅಷ್ಟರಲ್ಲೇ 100ರಿಂದ ಪೂರ್ತಿ ನಿಲ್ಲಲು 110 ಮೀಟರ್ ಬೇಕು. ಒಣ ರಸ್ತೆಯಲ್ಲಿ ನಾವೇ ಬಲವಾಗಿ ಬ್ರೇಕ್ ತುಳಿದರೆ ಅದರ ಅರ್ಧಕ್ಕಿಂತ ಕಡಿಮೆ ಸಾಕು.

ನಿಂತ ವಾಹನವಂತೂ ದೊಡ್ಡ ತೊಡಕು. ಸೇತುವೆ, ಫಲಕ, ತಡೆಗೋಡೆಗಳಿಂದಲೂ ರೇಡಾರ್‌ಗೆ ಪ್ರತಿಧ್ವನಿ ಬರುತ್ತದೆ. ಅವೆಲ್ಲಕ್ಕೂ ಬ್ರೇಕ್ ಹಾಕಿದರೆ ಕಾರು ಓಡಲಾರದು; ಹಾಗಾಗಿ ಚಲಿಸದ ವಸ್ತುಗಳನ್ನು ಅನೇಕ ವ್ಯವಸ್ಥೆಗಳು ಕಡೆಗಣಿಸುತ್ತವೆ. ನಾವು ಹಿಂಬಾಲಿಸುತ್ತಿದ್ದ ಕಾರು ಥಟ್ಟನೆ ಲೇನ್ ಬದಲಿಸಿ, ಅದರ ಮುಂದೆ ಕೆಟ್ಟು ನಿಂತ ಲಾರಿ ಎದುರಾದರೆ, ದಾರಿ ತೆರವಾಯಿತೆಂದು ಕ್ರೂಸ್ ವೇಗ ಹೆಚ್ಚಿಸಲೂಬಹುದು. ಆದ್ದರಿಂದ ಕಾಲು ಬ್ರೇಕಿನ ಬಳಿಯೇ ಇರಲಿ, ಕಣ್ಣು ಎರಡು ವಾಹನಗಳಾಚೆ ನೋಡುತ್ತಿರಲಿ.

ಕೊನೆಗಳಿಗೆಯಲ್ಲಿ ಎಚ್ಚರಿಸಿ ಜೋರಾಗಿ ಬ್ರೇಕ್ ಹಾಕುವುದು ಬೇರೆ ವ್ಯವಸ್ಥೆ, ಅಂದರೆ ಸ್ವಯಂಚಾಲಿತ ತುರ್ತು ಬ್ರೇಕ್. ವೇಗ ಹೆಚ್ಚಿದ್ದಾಗ ಅದು ಡಿಕ್ಕಿಯನ್ನು ಪೂರ್ತಿ ತಪ್ಪಿಸದೆ ಹೊಡೆತವನ್ನಷ್ಟೇ ಕಡಿಮೆ ಮಾಡಬಹುದು. ಹಲವು ಕಾರುಗಳಲ್ಲಿ ನಾವು ಆಕ್ಸಿಲರೇಟರ್ ಬಲವಾಗಿ ತುಳಿದರೆ ಅಥವಾ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಅದು ನಮ್ಮ ನಿರ್ಧಾರವೇ ಸರಿಯೆಂದುಕೊಂಡು ಹಿಂದೆ ಸರಿಯುತ್ತದೆ. ಬೀಪ್ ಕೇಳಿದಾಗ ಗಾಬರಿಯಿಂದ ತಪ್ಪು ಪೆಡಲ್ ತುಳಿಯಬಾರದು ಎನ್ನುವುದು ಇದಕ್ಕೇ.

ಕ್ರೂಸ್ ಆನ್ ಇರುವಾಗಲೂ ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ, ಅಷ್ಟು ಹೊತ್ತು ಅದು ಬ್ರೇಕ್ ಹಾಕುವುದಿಲ್ಲ. ಬ್ರೇಕ್ ಮುಟ್ಟಿದರೆ ಸಾಮಾನ್ಯವಾಗಿ ಪೂರ್ತಿ ಬಿಟ್ಟುಕೊಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದಿನ್ನೂ ಆನ್ ಇದೆಯೆಂದು ನಂಬಿ ಕುಳಿತವರಿಗೇ ಅಪಾಯ ಹೆಚ್ಚು. ಮೀಟರಿನಲ್ಲಿ ಕ್ರೂಸ್ ಗುರುತಿನ ಬಣ್ಣ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ರಿಸ್ಯೂಮ್ ಬಟನ್ ಹಳೆಯ ವೇಗವನ್ನೇ ಮರಳಿ ತರುತ್ತದೆ. ಹೆದ್ದಾರಿಯಿಂದ ಇಳಿದು ಊರ ದಾರಿಯಲ್ಲಿ ಅದನ್ನು ಒತ್ತಿದರೆ ಮುಂದೆ ವಾಹನವಿಲ್ಲದಿದ್ದಾಗ ಕಾರು 100ರತ್ತ ನುಗ್ಗುತ್ತದೆ. ರಸ್ತೆಯುಬ್ಬು ಅದಕ್ಕೆ ಕಾಣುವುದಿಲ್ಲ, ಹೊಂಡವೂ ಕಾಣುವುದಿಲ್ಲ. ಸರ್ವಿಸ್ ರಸ್ತೆಗೆ ತಿರುಗುವ ಮುನ್ನವೇ ಕ್ರೂಸ್ ಆಫ್ ಮಾಡಿ.